ಫ್ರಿಜ್ ಬಿಟ್ಟು ಹೊರಬರಬಾರದ ಉಪ್ಪಿನಕಾಯಿ

ಮೊಟ್ಟೆ ಉಪ್ಪಿನಕಾಯಿ ಅಂದ ಕೂಡಲೇ ನಮ್ಮವರಿಗೆ ಎಣ್ಣೆ, ಖಾರದಪುಡಿ, ಸಾಸಿವೆ ನೆನಪಾಗುತ್ತದೆ. ನಾನು ಮಾಡುವುದು ಅದಲ್ಲ. ಇಂಗ್ಲೆಂಡಿನ ಪಬ್‌ಗಳಲ್ಲಿ, ಫಿಶ್ ಅಂಡ್ ಚಿಪ್ಸ್ ಅಂಗಡಿಗಳಲ್ಲಿ ದೊಡ್ಡ ಗಾಜಿನ ಜಾಡಿಯಲ್ಲಿ ಮೊಟ್ಟೆಗಳು ವಿನೆಗರ್‌ನಲ್ಲಿ ಮುಳುಗಿ ಕೂತಿರುತ್ತವಲ್ಲ, ಆ ಥರದ್ದು. ಅಲ್ಲಿ ಕೆಲವರು ಆಲೂ ಚಿಪ್ಸ್ ಪ್ಯಾಕೆಟ್ಟಿನೊಳಗೇ ಮೊಟ್ಟೆ ಹಾಕಿ, ಅಲ್ಲಾಡಿಸಿ ತಿನ್ನುತ್ತಾರೆ. ನಮ್ಮ ಬಾರುಗಳಲ್ಲಿ ಬೇಯಿಸಿದ ಮೊಟ್ಟೆಗೆ ಉಪ್ಪು, ಪೆಪ್ಪರ್ ಉದುರಿಸಿ ಕೊಡ್ತಾರಲ್ಲ, ಇದು ಅದರ ಹುಳಿ ತಮ್ಮ ಅಂದುಕೊಳ್ಳಿ.

ಮೊಟ್ಟೆ ತೀರಾ ಹೊಸದು ಬೇಡ. ತಂದು ಒಂದು ವಾರ ಫ್ರಿಜ್‌ನಲ್ಲಿಟ್ಟು ಆಮೇಲೆ ಬೇಯಿಸುತ್ತೇನೆ. ಹೊಸ ಮೊಟ್ಟೆ ಸುಲಿಯುವಾಗ ಬಿಳಿಭಾಗವೂ ಸಿಪ್ಪೆಯ ಜೊತೆ ಕಿತ್ತು ಬರುತ್ತದೆ. ದಿನ ಕಳೆದಂತೆ ಚಿಪ್ಪಿನ ಸಣ್ಣ ಸಣ್ಣ ತೂತುಗಳಿಂದ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗುತ್ತದೆ, ಒಳಗಿನ ಪೊರೆಯ ಹಿಡಿತ ಸಡಿಲವಾಗುತ್ತದೆ. ಗಾತ್ರ ಚಿಕ್ಕದಿದ್ದಷ್ಟೂ ಒಳ್ಳೆಯದು, ಹುಳಿ ಬೇಗ ಒಳಗೆ ಇಳಿಯುತ್ತದೆ. ನಾಟಿ ಕೋಳಿ ಮೊಟ್ಟೆ ಸಿಕ್ಕರೆ ನಾನು ಬಿಡುವುದಿಲ್ಲ.

ಕುದಿಯುವ ನೀರಿಗೆ ಸೌಟಿನಿಂದ ಮೆಲ್ಲಗೆ ಇಳಿಸಿ 12 ನಿಮಿಷ ಬೇಯಿಸುತ್ತೇನೆ. ತೆಗೆದ ಕೂಡಲೇ ಐಸ್ ನೀರು. ಜಾಸ್ತಿ ಬೆಂದರೆ ಹಳದಿಯ ಸುತ್ತ ಬೂದು ಹಸಿರು ಬಳೆ ಬರುತ್ತದೆ. ಹಳದಿಯ ಕಬ್ಬಿಣ ಮತ್ತು ಬಿಳಿಯ ಗಂಧಕ ಸೇರಿ ಆಗುವುದು ಅದು, ತಿಂದರೆ ಏನೂ ಆಗಲ್ಲ. ದಪ್ಪ ತುದಿಯಿಂದ ಶುರುಮಾಡಿ ನೀರಿನೊಳಗೇ ಸುಲಿಯಿರಿ. ಬಿರುಕು ಬಿಟ್ಟವು, ಮೈ ಹರಿದವು ಜಾಡಿಗೆ ಹೋಗುವುದಿಲ್ಲ. ಅವು ಅಲ್ಲೇ ನಿಂತವರ ಬಾಯಿಗೆ.

ಇನ್ನು ವಿನೆಗರ್. ಅಂಗಡಿಯಲ್ಲಿ ಬಾಟಲಿ ತಿರುಗಿಸಿ ಲೇಬಲ್ ಓದಿ. ನಮ್ಮಲ್ಲಿ ಜಾಸ್ತಿ ಸಿಗುವುದು ಸಿಂಥೆಟಿಕ್ ವಿನೆಗರ್. ಅಸಿಟಿಕ್ ಆಮ್ಲಕ್ಕೆ ನೀರು ಬೆರೆಸಿದ್ದು, ಸಾಮಾನ್ಯವಾಗಿ ಶೇ 4ರಷ್ಟು ಹುಳಿ. ಈ ಕೆಲಸಕ್ಕೆ ಶೇ 5 ಬೇಕು, ಹಾಗೆ ಬರೆದಿರುವುದನ್ನೇ ಹುಡುಕಿ ತರುತ್ತೇನೆ. ಹಣ್ಣಿನ ರಸ ಕಾಯಿಸಿ ಮಾಡುವ ಕೊಡಗಿನ ಕಪ್ಪು ಹುಳಿ ಕಾಚಂಪುಳಿ ಹಾಕಬಹುದಾ ಅಂದರೆ, ರುಚಿಗೆ ಒಂದು ಚಮಚ ಹಾಕಿ, ವಿನೆಗರ್ ಬದಲಿಗೆ ಬೇಡ.

12 ಚಿಕ್ಕ ಮೊಟ್ಟೆ ಒಂದು ಲೀಟರ್ ಜಾಡಿಯಲ್ಲಿ ಹಿಡಿಯುತ್ತವೆ. ಅದಕ್ಕೆ ಅರ್ಧ ಲೀಟರಿಗಿಂತ ಸ್ವಲ್ಪ ಜಾಸ್ತಿ ವಿನೆಗರ್, ಎರಡು ಟೀ ಚಮಚ ಉಪ್ಪು, ಒಂದು ದೊಡ್ಡ ಚಮಚ ಸಕ್ಕರೆ, ಕಾಳುಮೆಣಸು, ಸಾಸಿವೆ, ಎರಡು ಬ್ಯಾಡಗಿ ಮೆಣಸಿನಕಾಯಿ, ನಾಲ್ಕು ಎಸಳು ಬೆಳ್ಳುಳ್ಳಿ. ಐದು ನಿಮಿಷ ಕುದಿಸಿ. ಘಾಟು ಮೂಗಿಗೆ ಹೊಡೆಯುತ್ತದೆ, ಕಿಟಕಿ ತೆಗೆದಿಡಿ. ಹುಳಿ ಜಾಸ್ತಿ ಅನಿಸಿದರೆ ಸಕ್ಕರೆ ಹಾಕಿ, ನೀರು ಬೆರೆಸಬೇಡಿ. ಬಿಸಿನೀರಲ್ಲಿ ಕುದಿಸಿದ ಗಾಜಿನ ಜಾಡಿಯಲ್ಲಿ ಮೊಟ್ಟೆ ಜೋಡಿಸಿ, ಪೂರ್ತಿ ಮುಳುಗುವಂತೆ ಬಿಸಿ ವಿನೆಗರ್ ಸುರಿಯಿರಿ. ಮುಚ್ಚಳ ಪ್ಲಾಸ್ಟಿಕ್ಕಿನದಿರಲಿ, ವಿನೆಗರ್ ತಗಡನ್ನು ತಿಂದುಹಾಕುತ್ತದೆ. ಕೆಲವು ಸಲ ಬೆಳ್ಳುಳ್ಳಿ ನೀಲಿ ಹಸಿರಾಗುತ್ತದೆ. ಹುಳಿಗೆ ಹಾಗಾಗುತ್ತದೆ, ಕೆಟ್ಟಿಲ್ಲ.

ಬಿಸಿ ಆರಿದ ತಕ್ಷಣ ಫ್ರಿಜ್. ಇಲ್ಲಿ ನಾನು ಹಟಮಾರಿ. ಉಪ್ಪಿನಕಾಯಿ ಜಾಡಿ ವರ್ಷಗಟ್ಟಲೆ ಅಟ್ಟದ ಮೇಲಿದ್ದರೂ ಏನೂ ಆಗಲ್ಲ ಅನ್ನುವುದು ನಮ್ಮ ಅಭ್ಯಾಸ. ಮಾವಿನಕಾಯಿ, ನಿಂಬೆ ಮೊದಲೇ ಹುಳಿ, ಮೇಲೆ ಅಷ್ಟೊಂದು ಉಪ್ಪು. ಮೊಟ್ಟೆಯಲ್ಲಿ ಹುಳಿಯೇ ಇಲ್ಲ. ಹೊರಗಿನಿಂದ ಹಳದಿಯ ನಡುವಿಗೆ ಹುಳಿ ತಲುಪಲು ದಿನಗಟ್ಟಲೆ ಬೇಕು. ಅಲ್ಲಿಯವರೆಗೆ ನಡುವೆ ಗಾಳಿಯೂ ಇಲ್ಲ, ಹುಳಿಯೂ ಇಲ್ಲ. ಬೊಟುಲಿಸಂ, ಅಂದರೆ ಉಸಿರಾಟವನ್ನೇ ನಿಲ್ಲಿಸಬಲ್ಲ ಆಹಾರ ವಿಷ, ತರುವ ಬ್ಯಾಕ್ಟೀರಿಯಾಗೆ ಬೇಕಾದದ್ದೇ ಅದು. 1997ರಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ಒಬ್ಬರು ಮನೆಯಲ್ಲೇ ಮಾಡಿದ ಇಂಥ ಮೊಟ್ಟೆ ತಿಂದು ವೆಂಟಿಲೇಟರ್‌ವರೆಗೆ ಹೋದರು. ಸುಲಿದ ಮೊಟ್ಟೆಗೆ ಟೂತ್‌ಪಿಕ್‌ನಿಂದ ಚುಚ್ಚಿ, ಜಾಡಿಯನ್ನು ಹೊರಗೇ ಇಟ್ಟಿದ್ದರಂತೆ. ಜಾಡಿಯ ನೀರು ಸಾಕಷ್ಟು ಹುಳಿಯಾಗಿಯೇ ಇತ್ತು. ವಿಷ ಜಾಸ್ತಿ ಸಿಕ್ಕಿದ್ದು ಹಳದಿಯಲ್ಲಿ. ಮಸಾಲೆ ಹಿಡಿಯಲಿ ಅಂತ ಮೊಟ್ಟೆ ಸಾರಿಗೆ ಗೀರು ಹಾಕುತ್ತೇವಲ್ಲ, ಆ ಕೈಚಳಕ ಇಲ್ಲಿ ಬೇಡವೇ ಬೇಡ. ತೂತಿನ ಮೂಲಕ ಬ್ಯಾಕ್ಟೀರಿಯಾ ಸೀದಾ ಹಳದಿಗೆ ಹೋಗುತ್ತದೆ.

ಚಿಕ್ಕವಕ್ಕೆ ಒಂದೆರಡು ವಾರ, ದೊಡ್ಡವಕ್ಕೆ ಎರಡರಿಂದ ನಾಲ್ಕು ವಾರ ಕಾಯಬೇಕು. ಹುಳಿ ಎಷ್ಟು ಇಳಿದಿದೆ ಅಂತ ಗೊತ್ತಾಗುವುದಿಲ್ಲ, ಬಣ್ಣ ಎಷ್ಟು ಇಳಿದಿದೆ ಅಂತ ನೋಡುವ ಆಸೆ ಇದ್ದರೆ ಬೇಯಿಸಿದ ಬೀಟ್‌ರೂಟ್ ಹಾಕಿ. ಪೆನ್ಸಿಲ್ವೇನಿಯಾದ ಜರ್ಮನ್ ಮೂಲದವರ ಪದ್ಧತಿ ಅದು. ಎರಡನೇ ದಿನ ಕೊಯ್ದರೆ ಅಂಚಿನಲ್ಲಿ ತೆಳುವಾದ ಗುಲಾಬಿ ಗೆರೆ. ವಾರ ಕಳೆದರೆ ಬಿಳಿಭಾಗವೆಲ್ಲ ಕಡುಗೆಂಪು, ನಡುವೆ ಹಳದಿ ಮಾತ್ರ ಹಳದಿಯಾಗೇ ಇರುತ್ತದೆ. ಮಕ್ಕಳು ತಿನ್ನುವುದಕ್ಕಿಂತ ಕೊಯ್ಯುವುದಕ್ಕೇ ಜಗಳ ಆಡುತ್ತಾರೆ.

ಬಿಳಿಭಾಗ ಸ್ವಲ್ಪ ಗಟ್ಟಿ, ಕಚ್ಚಿದರೆ ಪುಟಿಯುತ್ತದೆ. ಎಲ್ಲರಿಗೂ ಹಿಡಿಸಲ್ಲ. ಅನ್ನ, ಚಪಾತಿಗೆ ಹೊಂದುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಸಂಜೆ ಹೊತ್ತು ಉದ್ದಕ್ಕೆ ಸೀಳಿ, ಮೆಣಸಿನ ಪುಡಿ ಉದುರಿಸಿ, ಪಕ್ಕದಲ್ಲಿ ಕಾಂಗ್ರೆಸ್ ಕಡಲೆಕಾಯಿ ಇಟ್ಟುಕೊಂಡರೆ ಮಜಾ. ಮೂರ್ನಾಲ್ಕು ತಿಂಗಳೊಳಗೆ ಮುಗಿಸಬೇಕು. ಜಾಡಿಯಲ್ಲಿ ಉಳಿದ ವಿನೆಗರ್‌ಗೆ ಮತ್ತೆ ಮೊಟ್ಟೆ ಹಾಕಬೇಡಿ, ಮೊದಲಿನವು ಅದರ ಹುಳಿ ಹೀರಿಕೊಂಡಿರುತ್ತವೆ. ನಾನು ಅದನ್ನು ಸಿಂಕಿಗೆ ಸುರಿದುಬಿಡುತ್ತೇನೆ.