ಬಾಡಿಗೆ ಮನೆಗಳ ವೈರಿಂಗ್ ತಪಾಸಣೆ: ಕೊಡಗಿನಲ್ಲಿ ಎಲೆಕ್ಟ್ರಿಷಿಯನ್‌ಗಳ ಪಟ್ಟಿ ಮಾಡುವ ಕ್ರಮ

ಜೂನ್‌ನಲ್ಲಿ ಮಳೆ ಹಿಡಿದ ಒಂದೆರಡು ವಾರಕ್ಕೆ ಮಡಿಕೇರಿಯ ಬಾಡಿಗೆ ಮನೆಗಳಲ್ಲಿ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸುರಕ್ಷತಾ ಸ್ವಿಚ್) ಪದೇಪದೇ ಬೀಳತೊಡಗುತ್ತದೆ, ಅಂದರೆ ಆಫ್ ಆಗತೊಡಗುತ್ತದೆ. ಬಾಡಿಗೆಯವರು ಮಾಲೀಕರಿಗೆ ಫೋನ್ ಮಾಡುತ್ತಾರೆ, ಮಾಲೀಕರು ಗೊತ್ತಿರುವ ಹುಡುಗನನ್ನು ಕಳಿಸುತ್ತಾರೆ, ಅವನು ಆರ್‌ಸಿಸಿಬಿಯನ್ನು ಬಿಟ್ಟು ವೈರನ್ನು ನೇರ ಜೋಡಿಸಿ ಹೋಗುತ್ತಾನೆ. ಕರೆಂಟ್ ಬಂತು ಎಂದು ಎಲ್ಲರಿಗೂ ಸಮಾಧಾನ. ಗೋಡೆಯೊಳಗೆ ಸೋರುತ್ತಿರುವ ಕರೆಂಟ್ ಮಾತ್ರ ಹಾಗೆಯೇ ಸೋರುತ್ತಿರುತ್ತದೆ. ಅದನ್ನು ತಡೆಯುತ್ತಿದ್ದ ಒಂದೇ ಸಾಧನ ಈಗ ಇಲ್ಲ.

ಇಂಗ್ಲೆಂಡಿನಲ್ಲಿ 2020ರ ನಿಯಮದ ಪ್ರಕಾರ ಬಾಡಿಗೆ ಮನೆಯ ವೈರಿಂಗನ್ನು ಕನಿಷ್ಠ 5 ವರ್ಷಕ್ಕೊಮ್ಮೆಯಾದರೂ ಅರ್ಹರಿಂದ ಪರೀಕ್ಷೆ ಮಾಡಿಸಿ, ವರದಿಯ ಪ್ರತಿಯನ್ನು 28 ದಿನದೊಳಗೆ ಬಾಡಿಗೆದಾರರಿಗೆ ಕೊಡಬೇಕು. ಬಾಡಿಗೆ ಮನೆಗೆಂದೇ ಅಂಥ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ. ಹಾಗೆಂದು ಕೈಕಟ್ಟಿ ಕೂರಬೇಕಿಲ್ಲ. ಮನೆ ಮಾಲೀಕರ ಸಂಘ, ಬಡಾವಣೆಯ ನಿವಾಸಿಗಳ ಸಂಘ ಅಥವಾ ಊರಿನ ಸಹಕಾರ ಸಂಘ ಮನಸ್ಸು ಮಾಡಿದರೆ, ತಪಾಸಣೆ ಮಾಡಬಲ್ಲ ಎಲೆಕ್ಟ್ರಿಷಿಯನ್‌ಗಳ ಪಟ್ಟಿಯನ್ನು ಒಂದೇ ಬೇಸಿಗೆಯಲ್ಲಿ ಸಿದ್ಧಪಡಿಸಬಹುದು. ಈ ಪಟ್ಟಿ ಸರ್ಕಾರದ ಲೈಸೆನ್ಸ್‌ಗೆ ಬದಲಿ ಅಲ್ಲ. ಲೈಸೆನ್ಸ್ ಇದ್ದವರಲ್ಲಿ ಅಳತೆ ಮಾಡಲು ಬರುವವರು ಯಾರು ಎಂಬುದನ್ನಷ್ಟೇ ಅದು ಹೇಳುತ್ತದೆ. ಈ ಮಾತನ್ನು ಪಟ್ಟಿಯ ಮೇಲೆಯೇ ಬರೆದಿಡಿ.

ಕಾಗದ ಪತ್ರ

ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳ ಪ್ರಕಾರ ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಿಸುವಂಥ ಸಣ್ಣ ಕೆಲಸ ಬಿಟ್ಟರೆ ಉಳಿದ ವೈರಿಂಗ್ ಕೆಲಸವನ್ನು ಲೈಸೆನ್ಸ್ ಪಡೆದ ವಿದ್ಯುತ್ ಗುತ್ತಿಗೆದಾರರೇ ವಹಿಸಿಕೊಳ್ಳಬೇಕು. ಮೇಲ್ವಿಚಾರಣೆಗೆ ಸೂಪರ್‌ವೈಸರ್ ಸರ್ಟಿಫಿಕೇಟ್ ಇರುವವರು, ಕೈಕೆಲಸಕ್ಕೆ ಪರ್ಮಿಟ್ ಇರುವ ವೈರ್‌ಮನ್ ಬೇಕು. ಕರ್ನಾಟಕದಲ್ಲಿ ಈ ಕಾಗದಗಳ ವಿಚಾರ ವಿದ್ಯುತ್ ಪರಿವೀಕ್ಷಣಾಲಯಕ್ಕೆ ಸೇರಿದ್ದು. ತಪಾಸಣೆಯ ಪಟ್ಟಿಗೆ ಸೂಪರ್‌ವೈಸರ್ ಸರ್ಟಿಫಿಕೇಟ್ ಇರುವವರನ್ನೇ ಸೇರಿಸಿ; ಪರ್ಮಿಟ್ ಮಾತ್ರ ಇರುವ ವೈರ್‌ಮನ್ ಅವರ ಜೊತೆಗಾರನಾಗಿ ಬರಲಿ. ಐಟಿಐ ಸರ್ಟಿಫಿಕೇಟ್ ಓದಿದ್ದಕ್ಕೆ ಸಾಕ್ಷಿ, ಪರ್ಮಿಟ್ ಅಲ್ಲ. ಇವೆರಡನ್ನು ಒಂದೇ ಎಂದುಕೊಂಡು ಸೇರಿಸಿದರೆ ಪಟ್ಟಿ ಮೊದಲ ದಿನವೇ ಕೆಡುತ್ತದೆ.

ನೆರಳಚ್ಚು ಪ್ರತಿ ಸಾಲದು, ಮೂಲ ಕಾಗದವನ್ನೇ ಕಣ್ಣಾರೆ ನೋಡಿ. ರಿಜಿಸ್ಟರ್‌ನಲ್ಲಿ ಬರೆಯಬೇಕಾದ್ದು: ಹೆಸರು, ಲೈಸೆನ್ಸ್ ನಂಬರ್, ಅವಧಿ ಮುಗಿಯುವ ದಿನಾಂಕ, ಫೋನ್, ಯಾವ ತಾಲ್ಲೂಕಿನಲ್ಲಿ ಕೆಲಸ ಮಾಡುತ್ತಾರೆ, ಯಾವ ಯಾವ ಭಾಷೆ ಮಾತಾಡುತ್ತಾರೆ. ಭಾಷೆಯ ಕಾಲಂ ಅನಗತ್ಯ ಅನಿಸಬಹುದು. ಕುಶಾಲನಗರ, ಸಿದ್ದಾಪುರ, ಗೋಣಿಕೊಪ್ಪಲಿನ ಎಷ್ಟೋ ಬಾಡಿಗೆ ಕೋಣೆಗಳಲ್ಲಿ ಅಸ್ಸಾಮಿನಿಂದ ಕೆಲಸಕ್ಕೆ ಬಂದವರಿದ್ದಾರೆ. ಗೀಸರ್ ಮುಟ್ಟಿದಾಗ ಜುಂ ಎನ್ನುತ್ತದೆಯೇ ಎಂದು ಅವರನ್ನು ಹಿಂದಿಯಲ್ಲಾದರೂ ಕೇಳಲು ಬರಬೇಕು. ಆಧಾರ್ ಪ್ರತಿ ಸಂಗ್ರಹಿಸಬೇಡಿ, ಅದು ಈ ಕೆಲಸಕ್ಕೆ ಬೇಕಿಲ್ಲ. ಅಪಘಾತ ವಿಮೆ ಇದೆಯೇ ಎಂದು ಕೇಳಿ. ಇಲ್ಲದಿದ್ದರೆ ವರ್ಷಕ್ಕೆ 20 ರೂಪಾಯಿಯ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯನ್ನಾದರೂ ಬ್ಯಾಂಕಿನಲ್ಲಿ ಮಾಡಿಸಿಕೊಂಡು ಬರಲಿ.

ಚೀಲದಲ್ಲಿ ಏನಿದೆ

ಲೈಸೆನ್ಸ್ ಇದ್ದೂ ಬರೀ ಟೆಸ್ಟರ್ ಹಿಡಿದು ಬರುವವರು ಇದ್ದಾರೆ. ಟೆಸ್ಟರ್‌ನ ನಿಯಾನ್ ದೀಪ ಉರಿದರೆ ಫೇಸ್ ಇದೆ ಎಂದಷ್ಟೇ ಅರ್ಥ. ಅರ್ಥಿಂಗ್ ಸರಿ ಇದೆಯೇ, ಇನ್ಸುಲೇಶನ್ ಎಷ್ಟಿದೆ ಎಂಬುದನ್ನು ಅದು ಹೇಳುವುದಿಲ್ಲ. ಪಟ್ಟಿಗೆ ಸೇರಬೇಕಾದವರ ಹತ್ತಿರ ಇವು ಇರಲೇಬೇಕು: ವೈರಿನ ಇನ್ಸುಲೇಶನ್ ಅಳೆಯುವ 500 ವೋಲ್ಟ್ ಡಿಸಿಯ ಮೆಗ್ಗರ್, ಎರಡು ಗೂಟದ ಅರ್ಥ್ ಟೆಸ್ಟರ್, ಆರ್‌ಸಿಸಿಬಿ ಎಷ್ಟು ಮಿಲಿಸೆಕೆಂಡಿನಲ್ಲಿ ಬೀಳುತ್ತದೆ ಎಂದು ತೋರಿಸುವ ಟೆಸ್ಟರ್, ಮಲ್ಟಿಮೀಟರ್, ಕ್ಲಾಂಪ್ ಮೀಟರ್. ಎಲ್ಲರಿಗೂ ಎಲ್ಲವನ್ನೂ ಕೊಳ್ಳಲು ಆಗದು. ಸಂಘವೇ ಒಂದು ಸೆಟ್ ಕೊಂಡು, ದಿನದ ಲೆಕ್ಕದಲ್ಲಿ ಕೊಟ್ಟು ಪಡೆಯುವುದು ಒಳ್ಳೆಯ ದಾರಿ.

ಮೆಗ್ಗರ್ ಸರಿ ಇದೆಯೇ ಎಂದು ನೋಡಲು 1 ಮೆಗಾಓಮ್‌ನ ರೆಸಿಸ್ಟರ್ ಒಂದನ್ನು ಪೆಟ್ಟಿಗೆಯಲ್ಲೇ ಇಡಿ. ಎರಡು ಲೀಡ್ ಮುಟ್ಟಿಸಿದರೆ ಸೊನ್ನೆ, ಬಿಡಿಸಿದರೆ ಅನಂತ, ರೆಸಿಸ್ಟರ್‌ಗೆ ಹಿಡಿದರೆ ಒಂದರ ಆಸುಪಾಸು ತೋರಿಸಬೇಕು. ಪ್ರತಿದಿನ ಕೆಲಸಕ್ಕೆ ಮುಂಚೆ ಇದಕ್ಕೆ ಎರಡು ನಿಮಿಷ ಸಾಕು.

ಮೊದಲ ಮನೆ

ಕಾಗದ, ಉಪಕರಣ ಎರಡೂ ಸರಿಯಿದ್ದರೂ ಹೆಸರನ್ನು ಆಗಲೇ ಸೇರಿಸಬೇಡಿ. ಈಗಾಗಲೇ ಪಟ್ಟಿಯಲ್ಲಿರುವ ಒಬ್ಬರು ಜೊತೆಗಿದ್ದು, ಖಾಲಿ ಇರುವ ಒಂದು ಮನೆಯನ್ನು ಪೂರ್ತಿ ಪರೀಕ್ಷೆ ಮಾಡಿಸಿ. ಪಟ್ಟಿಯ ಮೊದಲಿಗರಿಗೆ ಅನುಭವಿ ವಿದ್ಯುತ್ ಎಂಜಿನಿಯರ್ ಒಬ್ಬರು ಕೂರಬೇಕು. ಗಮನಿಸಬೇಕಾದ್ದು ವೇಗವನ್ನಲ್ಲ: ಮೈನ್ ಆಫ್ ಮಾಡಿದ ಮೇಲೆ ಕರೆಂಟ್ ಇಲ್ಲವೆಂದು ಮೀಟರ್ ಹಿಡಿದು ಖಾತ್ರಿ ಮಾಡಿಕೊಂಡರೇ? ಅರ್ಥ್ ವೈರ್ ಬಿಚ್ಚಿದ್ದನ್ನು ಮರಳಿ ಜೋಡಿಸಿದರೇ? ಅಳತೆಯನ್ನು ಆಗಲೇ ಬರೆದರೇ, ಅಥವಾ ಮನೆಗೆ ಹೋಗಿ ಅಂದಾಜಿನಲ್ಲಿ ತುಂಬುವವರೇ? ಎಲ್ಲಾ ಸರ್ಕ್ಯೂಟಿಗೂ ಒಂದೇ ಅಂಕಿ ಬರೆದ ವರದಿ ಬಂದರೆ ಅದು ಅಳೆದದ್ದಲ್ಲ.

ಇನ್ನೊಂದು ಷರತ್ತು ಕಡ್ಡಾಯ ಇರಲಿ. ತಪಾಸಣೆ ಮಾಡಿದವರೇ ಅದೇ ಮನೆಯ ರಿಪೇರಿ ಗುತ್ತಿಗೆ ಹಿಡಿಯಬಾರದು. ಶುಲ್ಕವೂ ಸರ್ಕ್ಯೂಟಿನ ಲೆಕ್ಕದಲ್ಲಿರಲಿ, ಹಿಡಿದ ದೋಷದ ಲೆಕ್ಕದಲ್ಲಿ ಬೇಡ. ಸಣ್ಣ ಊರಿನಲ್ಲಿ ಇದನ್ನು ಪಾಲಿಸುವುದು ಕಷ್ಟವೇ. ಆದರೂ ಸಡಿಲಿಸಿದರೆ ಮಾಲೀಕರು ವರದಿಯನ್ನು ನಂಬುವುದನ್ನೇ ಬಿಡುತ್ತಾರೆ.

ಮನೆಯೊಳಗೆ: ಯಾವುದರ ನಂತರ ಯಾವುದು

ಮೊದಲು ಬಿಲ್ಲಿನಿಂದ ಆರ್‌ಆರ್ ನಂಬರ್ (ವಿದ್ಯುತ್ ಸಂಪರ್ಕದ ನಂಬರ್), ಮಂಜೂರಾದ ಲೋಡ್ ಬರೆದುಕೊಳ್ಳಿ. ಒಂದೇ ಆರ್‌ಆರ್ ನಂಬರಿನಿಂದ ಮೂರು ನಾಲ್ಕು ಬಾಡಿಗೆ ಮನೆಗೆ ಸಬ್‌ಮೀಟರ್ ಹಾಕಿ ಕರೆಂಟ್ ಎಳೆದಿದ್ದರೆ ಎಲ್ಲಾ ಮನೆಯ ಲೋಡನ್ನೂ ಕೂಡಿಸಿ ನೋಡಬೇಕು. ಮೀಟರ್ ಮತ್ತು ಅದರ ಸೀಲ್ ಇಲ್ಲಿನ ವಿದ್ಯುತ್ ಸರಬರಾಜು ನಿಗಮವಾದ ಸೆಸ್ಕ್‌ನದು, ಮುಟ್ಟುವಂತಿಲ್ಲ. ಅಲ್ಲಿ ಸುಟ್ಟ ಗುರುತು ಕಂಡರೆ ಅದರ ಸಹಾಯವಾಣಿ 1912ಕ್ಕೆ ಫೋನ್ ಮಾಡಿಸಿ.

ಆಮೇಲೆ ಕಣ್ಣಿನ ಪರೀಕ್ಷೆ. ಬೋರ್ಡಿನ ಮುಚ್ಚಳ ತೆಗೆದು ಎಂಸಿಬಿ (ಮಿತಿ ಮೀರಿ ಕರೆಂಟ್ ಹರಿದರೆ ಬೀಳುವ ಸ್ವಿಚ್) ಮತ್ತು ವೈರ್ ಹೊಂದುತ್ತವೆಯೇ ನೋಡಿ. 1.5 ಚದರ ಮಿ.ಮೀ. ತಾಮ್ರದ ವೈರಿಗೆ 10 ಆಂಪ್, 2.5ಕ್ಕೆ 16 ಅಥವಾ 20 ಆಂಪ್. 1.5ರ ವೈರಿಗೆ 32 ಆಂಪ್ ಎಂಸಿಬಿ ಕೂರಿಸಿದ್ದರೆ ಎಂಸಿಬಿ ಬೀಳುವ ಮೊದಲು ವೈರ್ ಬೇಯುತ್ತದೆ. ವೈರಿಂಗ್‌ನ ಭಾರತೀಯ ಮಾನದಂಡ ಐಎಸ್ 732ರ ಪ್ರಕಾರ ದೀಪ–ಫ್ಯಾನಿನ ಒಂದು ಸರ್ಕ್ಯೂಟಿಗೆ 10 ಪಾಯಿಂಟ್ ಅಥವಾ 800 ವ್ಯಾಟ್ ಮಿತಿ. 2000 ವ್ಯಾಟಿನ ಗೀಸರ್ ಅಥವಾ ರೂಮ್ ಹೀಟರ್ ಸುಮಾರು 8.7 ಆಂಪ್ ಎಳೆಯುತ್ತದೆ. ಚಳಿಗೆ, ಮಳೆಯಲ್ಲಿ ಒಣಗದ ಬಟ್ಟೆಗೆ ಹೀಟರ್ ಹಚ್ಚುವ ನಮ್ಮ ಕಡೆ ಇದನ್ನು 6 ಆಂಪ್ ಸಾಕೆಟ್ಟಿಗೆ ಎಕ್ಸ್‌ಟೆನ್ಶನ್ ಬೋರ್ಡ್ ಹಾಕಿ ಓಡಿಸುವುದು ಮಾಮೂಲಿ. ಕಂದು ಬಣ್ಣಕ್ಕೆ ತಿರುಗಿದ, ಮೆತ್ತಗಾದ ಸಾಕೆಟ್ ಕಂಡರೆ ಕಾರಣ ಇದೇ. ಹಳೆಯ ಹೆಂಚಿನ ಮನೆಗಳಲ್ಲಿ ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸಿಗೆ ದಪ್ಪ ತಂತಿ ಸುತ್ತಿರುವುದನ್ನೂ, ನ್ಯೂಟ್ರಲ್‌ಗೂ ಫ್ಯೂಸ್ ಇರುವುದನ್ನೂ ನೋಡಿ. ನ್ಯೂಟ್ರಲ್ ಫ್ಯೂಸ್ ಮಾತ್ರ ಹೋದರೆ ದೀಪ ಆರುತ್ತದೆ, ಆದರೆ ಹೋಲ್ಡರ್‌ನಲ್ಲಿ ಫೇಸ್ ಜೀವಂತವಾಗಿರುತ್ತದೆ.

ಈಗ ಅಳತೆ. ಮೈನ್ ಆಫ್ ಮಾಡಿ, ಎಲ್ಲಾ ಪ್ಲಗ್ಗು, ಎಲ್‌ಇಡಿ ಬಲ್ಬು, ಇನ್ವರ್ಟರ್ ಸಂಪರ್ಕ, ಸರ್ಜ್ ಪ್ರೊಟೆಕ್ಟರ್ ಬಿಡಿಸಿ. ಇವುಗಳನ್ನು ಬಿಡಿಸದೆ ಮೆಗ್ಗರ್ ಹಾಕಿದರೆ ಅಳತೆ ತಪ್ಪುವುದಷ್ಟೇ ಅಲ್ಲ, ಬಾಡಿಗೆಯವರ ಸಾಮಾನೂ ಹಾಳಾಗುತ್ತದೆ. ಪ್ರತಿ ಸರ್ಕ್ಯೂಟಿನ ಫೇಸ್, ನ್ಯೂಟ್ರಲ್ ಎರಡನ್ನೂ ಬೋರ್ಡಿನಿಂದ ಬಿಚ್ಚಿ, ಸೇರಿಸಿ ಹಿಡಿದು, ಅರ್ಥ್‌ಗೆ ಎದುರಾಗಿ 500 ವೋಲ್ಟ್ ಕೊಡಿ. 1 ಮೆಗಾಓಮ್‌ಗಿಂತ ಕಡಿಮೆ ಬಂದ ಸರ್ಕ್ಯೂಟನ್ನು ತುಂಡು ತುಂಡಾಗಿ ಬಿಡಿಸಿ ಹುಡುಕಬೇಕು. ಸಾಮಾನ್ಯವಾಗಿ ಸಿಗುವುದು ಹೊರಗೋಡೆಯ ದೀಪದ ಪೆಟ್ಟಿಗೆ, ಬಚ್ಚಲಿನ ಸ್ವಿಚ್ ಬೋರ್ಡ್, ಅಥವಾ ಪೈಪಿನೊಳಗೆ ಬರೀ ಟೇಪ್ ಸುತ್ತಿದ ಜಾಯಿಂಟ್.

ಸಾಕೆಟ್ಟಿನಲ್ಲಿ ನ್ಯೂಟ್ರಲ್‌ನಿಂದ ಅರ್ಥ್ ಪಿನ್‌ಗೆ ತುಂಡು ವೈರ್ (ಜಂಪರ್) ಹಾಕಿ ಮೋಸ ಮಾಡಿರುವುದನ್ನು ಹಿಡಿಯುವುದೂ ಇದೇ ಹಂತದಲ್ಲಿ. ನ್ಯೂಟ್ರಲ್ ಬಿಚ್ಚಿರುವಾಗಲೇ ಸಾಕೆಟ್ಟಿನ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಮಲ್ಟಿಮೀಟರ್ ಹಿಡಿಯಿರಿ. ಬೀಪ್ ಬಂದರೆ ಅಲ್ಲಿ ಜಂಪರ್ ಇದೆ, ಇಲ್ಲವೇ ವೈರುಗಳು ಎಲ್ಲೋ ಮುಟ್ಟಿಕೊಂಡಿವೆ. ಜಂಪರ್ ಇರುವ ಮನೆಯಲ್ಲಿ ನ್ಯೂಟ್ರಲ್ ಕಡಿದ ಕ್ಷಣ ವಾಷಿಂಗ್ ಮೆಷಿನ್ನಿನ ಮೈಯೆಲ್ಲಾ ಫೇಸ್ ಆಗುತ್ತದೆ.

ಅರ್ಥ್ ಗುಂಡಿಯ ಅಳತೆಗೆ ಮೈನ್ ಆಫ್ ಇರುವಾಗಲೇ ಅರ್ಥ್ ವೈರನ್ನು ಗುಂಡಿಯ ಬಳಿ ಬಿಚ್ಚಬೇಕು. ಒಂದು ಗೂಟ 20 ಮೀಟರ್ ದೂರ, ಇನ್ನೊಂದು ಅದೇ ಸಾಲಿನಲ್ಲಿ ಸುಮಾರು 12.4 ಮೀಟರ್‌ನಲ್ಲಿ. ನಡುವಿನ ಗೂಟವನ್ನು ಒಂದೊಂದು ಮೀಟರ್ ಹಿಂದೆ ಮುಂದೆ ಸರಿಸಿದಾಗಲೂ ಹೆಚ್ಚುಕಡಿಮೆ ಅದೇ ಅಂಕಿ ಬಂದರೆ ನಂಬಬಹುದು. ಮಡಿಕೇರಿಯ ಇಳಿಜಾರಿನಲ್ಲಿ, ಕಾಂಕ್ರೀಟ್ ಅಂಗಳದಲ್ಲಿ ಅಷ್ಟು ಜಾಗ ಸಿಗದೆ ಇದ್ದರೆ ಗೂಟ ಬೇಡದ ಲೂಪ್ ಟೆಸ್ಟರ್ ಬಳಸಿ, ಹಾಗೆಂದು ವರದಿಯಲ್ಲಿ ಬರೆಯಿರಿ. ಮನೆಗೆ 5 ಓಮ್ ಒಳಗಿರಲಿ ಎಂಬುದು ರೂಢಿಯ ಗುರಿ.

ಅರ್ಥಿಂಗ್ ಚೆನ್ನಾಗಿದೆ, ಎಂಸಿಬಿ ಇದೆ, ಆರ್‌ಸಿಸಿಬಿ ಯಾಕೆ ಎಂದು ಮಾಲೀಕರು ಕೇಳುತ್ತಾರೆ. ಈ ಲೆಕ್ಕ ತೋರಿಸಿ: 5 ಓಮ್‌ನ ಗುಂಡಿಯ ಮೂಲಕ 230 ವೋಲ್ಟ್ ಹರಿಸಬಲ್ಲದ್ದು ಹೆಚ್ಚೆಂದರೆ 46 ಆಂಪ್. 16 ಆಂಪಿನ ‘ಸಿ’ ಮಾದರಿಯ ಎಂಸಿಬಿ ತಕ್ಷಣ ಬೀಳಲು 80ರಿಂದ 160 ಆಂಪ್ ಬೇಕು, ‘ಬಿ’ ಮಾದರಿಗೆ 48ರಿಂದ 80. ಅಂದರೆ ಗೀಸರ್ ಮೈಗೆ ಫೇಸ್ ತಗಲಿದರೂ ಎಂಸಿಬಿ ಸೆಕೆಂಡುಗಟ್ಟಲೆ ಸುಮ್ಮನಿರಬಹುದು. ಜೀವ ಉಳಿಸುವುದು 30 ಮಿಲಿಆಂಪಿನ ಆರ್‌ಸಿಸಿಬಿ. ಟೆಸ್ಟರ್‌ನಲ್ಲಿ 15 ಮಿಲಿಆಂಪ್ ಕೊಟ್ಟಾಗ ಅದು ಬೀಳಬಾರದು, 30ಕ್ಕೆ 300 ಮಿಲಿಸೆಕೆಂಡಿನೊಳಗೆ, 150ಕ್ಕೆ 40ರೊಳಗೆ ಬೀಳಬೇಕು. ಟೆಸ್ಟ್ ಬಟನ್ ಒತ್ತುವುದು ಬೇರೆ. ಅದು ಸಾಧನದ ಒಳಗಿನ ಯಂತ್ರವನ್ನಷ್ಟೇ ನೋಡುತ್ತದೆ, ಮನೆಯ ಅರ್ಥ್ ವೈರನ್ನಲ್ಲ.

ಮಳೆಗಾಲದಲ್ಲಿ ಬೀಳುವ ಆರ್‌ಸಿಸಿಬಿಯ ವಿಚಾರಕ್ಕೆ ಬಂದರೆ, ‘ಥಂಡಿಗೆ ಹಾಗಾಗುತ್ತದೆ’ ಎಂಬ ಮಾತು ಒಪ್ಪುವಂಥದ್ದಲ್ಲ. 1 ಮೆಗಾಓಮ್ ಇದ್ದರೆ ಸೋರುವುದು ಬರೀ 0.23 ಮಿಲಿಆಂಪ್. 15ರಿಂದ 30 ಮಿಲಿಆಂಪ್ ಸೋರಬೇಕಾದರೆ ಇನ್ಸುಲೇಶನ್ ಸುಮಾರು 8–15 ಕಿಲೋಓಮ್‌ಗೆ ಕುಸಿದಿರಬೇಕು. ಅದು ಒದ್ದೆ ಗೋಡೆಯಲ್ಲ, ಹಾಳಾದ ವೈರು ಅಥವಾ ಗೀಸರ್ ಕಾಯಿಲ್. ಎಲ್ಲಾ ಎಂಸಿಬಿ ಇಳಿಸಿದ ಮೇಲೂ ಬೀಳುತ್ತಿದ್ದರೆ ನ್ಯೂಟ್ರಲ್ ಎಲ್ಲೋ ಅರ್ಥ್‌ಗೆ ಮುಟ್ಟಿದೆಯೇ ಎಂದು ನೋಡಿ. ಸಿಂಗಲ್ ಪೋಲ್ ಎಂಸಿಬಿ ಫೇಸನ್ನು ಮಾತ್ರ ಕಡಿಯುತ್ತದೆ. ಹಾಗಾಗಿ ಮೈನ್ ಆಫ್ ಮಾಡಿ ನ್ಯೂಟ್ರಲ್ ಬಾರ್‌ನಿಂದ ಒಂದೊಂದೇ ವೈರ್ ಬಿಡಿಸುತ್ತ ಹುಡುಕಬೇಕು.

ಮರ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ಲದ ಊರು ನಮ್ಮದು. ಜನರೇಟರ್ ಇರುವ ಮನೆಯಲ್ಲಿ ಫೇಸ್, ನ್ಯೂಟ್ರಲ್ ಎರಡನ್ನೂ ಬದಲಿಸುವ ಚೇಂಜ್‌ಓವರ್ ಸ್ವಿಚ್ ಇದೆಯೇ ಎಂದು ನೋಡದೆ ತಪಾಸಣೆ ಮುಗಿಸಬೇಡಿ. ಎರಡೂ ತುದಿಗೆ ಪ್ಲಗ್ ಇರುವ ವೈರನ್ನು ಸಾಕೆಟ್ಟಿಗೆ ಚುಚ್ಚಿ ಮನೆಗೆ ಕರೆಂಟ್ ಕೊಡುವವರಿದ್ದಾರೆ. ಆ ಕರೆಂಟ್ ಟ್ರಾನ್ಸ್‌ಫಾರ್ಮರ್ ಹತ್ತಿ ಹೈಟೆನ್ಶನ್ ಆಗಿ, ಮಳೆಯಲ್ಲಿ ಲೈನ್ ಸರಿಮಾಡುತ್ತಿರುವ ಲೈನ್‌ಮನ್ ಕೈಗೆ ಹೋಗುತ್ತದೆ.

ಯಾವಾಗ

ಇನ್ಸುಲೇಶನ್ ಅತಿ ಕೆಟ್ಟಿರುವುದು ಕಕ್ಕಡದಲ್ಲಿ (ಜುಲೈ–ಆಗಸ್ಟ್‌ನ ಕೊಡವ ತಿಂಗಳು), ಅರ್ಥ್ ಅತಿ ಕೆಟ್ಟಿರುವುದು ಮಾರ್ಚ್‌ನ ಒಣ ನೆಲದಲ್ಲಿ. ಜುಲೈನಲ್ಲಿ 3 ಓಮ್ ತೋರಿಸಿದ ಗುಂಡಿ ಬೇಸಿಗೆಯಲ್ಲೂ ಅಷ್ಟೇ ಇರುತ್ತದೆ ಎಂದು ಬಗೆಯಬೇಡಿ. ಪೂರ್ಣ ತಪಾಸಣೆಯನ್ನು ಕಾಫಿ ಕೊಯ್ಲು ಮುಗಿದ ಮೇಲೆ, ಫೆಬ್ರವರಿಯಿಂದ ಏಪ್ರಿಲ್ ನಡುವೆ, ಕಾಫಿ ಹೂವರಳಿಸುವ ಹೂಮಳೆ ಬಿದ್ದ ಮರುದಿನವನ್ನು ಬಿಟ್ಟು ಮಾಡಿ. ಮಳೆಗಾಲದ ನಡುವೆ ಒಮ್ಮೆ ಹೋಗಿ ಮೆಗ್ಗರ್ ಮಾತ್ರ ಹಾಕಿ ಬನ್ನಿ. ಎರಡೂ ಅಂಕಿ ಒಂದೇ ಹಾಳೆಯಲ್ಲಿರಲಿ.

ವರದಿ

ಮೂರು ದರ್ಜೆ ಸಾಕು. ಮೊದಲನೆಯದು ಈಗಲೇ ಅಪಾಯ: ಬರಿಮೈ ವೈರ್, ಮೈಗೆ ಫೇಸ್ ಬಂದ ಗೀಸರ್, ಬೈಪಾಸ್ ಆದ ಆರ್‌ಸಿಸಿಬಿ, ನ್ಯೂಟ್ರಲ್–ಅರ್ಥ್ ಜಂಪರ್. ಮಾಲೀಕರಿಗೆ ತಿಳಿಸಿ, ಆ ಸರ್ಕ್ಯೂಟನ್ನು ಅಲ್ಲೇ ಕಡಿದು, ಚೀಟಿ ಅಂಟಿಸಿ ಬರಬೇಕು. ಎರಡನೆಯದು 28 ದಿನದೊಳಗೆ ಸರಿಪಡಿಸಬೇಕಾದದ್ದು. ಮೂರನೆಯದು ಸುಧಾರಿಸಿದರೆ ಒಳ್ಳೆಯದು ಎನ್ನುವಂಥದ್ದು. ಖರ್ಚು ಯಾರದೆಂಬ ಜಗಳ ಬಂದರೆ ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯ ಹಂಚಿಕೆಯನ್ನು ಕರಾರಿನಲ್ಲೇ ಬರೆದುಕೊಳ್ಳಿ: ಒಳಗಿನ–ಹೊರಗಿನ ವೈರಿಂಗ್ ಮಾಲೀಕರದು, ಸ್ವಿಚ್ ಸಾಕೆಟ್ ರಿಪೇರಿ ಬಾಡಿಗೆದಾರರದು.

ವರದಿ ಮೂರು ಪ್ರತಿ: ಮಾಲೀಕರಿಗೊಂದು, ಸಂಘಕ್ಕೊಂದು, ಮೂರನೆಯದು ಪ್ಲಾಸ್ಟಿಕ್ ಕವರಿನಲ್ಲಿ ಬೋರ್ಡಿನ ಪಕ್ಕ, ಬಾಡಿಗೆಯವರು ಓದುವಂತೆ. ಸಂಘದವರು ವರ್ಷಕ್ಕೆ ಕೆಲವು ಮನೆಗಳನ್ನು ಪಟ್ಟಿಯ ಬೇರೊಬ್ಬರಿಂದ ಮತ್ತೆ ಅಳೆಯಿಸಿ ಹೋಲಿಸಲಿ. ಬೈಪಾಸ್ ಆದ ಆರ್‌ಸಿಸಿಬಿಯನ್ನು ಕಂಡೂ ಬರೆಯದವರ ಹೆಸರನ್ನು ಅದೇ ದಿನ ತೆಗೆಯಿರಿ. ಲೈಸೆನ್ಸ್ ಅವಧಿ ಮುಗಿದವರ ಹೆಸರು ನವೀಕರಣದ ಕಾಗದ ಬರುವವರೆಗೆ ಪಟ್ಟಿಯಿಂದ ಹೊರಗಿರಲಿ.