ಮಲೆನಾಡಿನ ಮನೆಯಲ್ಲಿ ಮಗುವಿನ ಹಗಲು ನಿದ್ದೆ

ನಾಲ್ಕು ತಿಂಗಳಿನಿಂದ ಒಂದು ವರ್ಷದವರೆಗಿನ ಮಗುವಿಗೆ ಹಗಲು ರಾತ್ರಿ ಸೇರಿ 12ರಿಂದ 16 ಗಂಟೆ, ಎರಡು ವರ್ಷದವರೆಗೆ 11ರಿಂದ 14 ಗಂಟೆ ನಿದ್ದೆ ಬೇಕು. ಮಗು ಕಣ್ಣುಜ್ಜಿಕೊಳ್ಳುತ್ತ ಆಟದಿಂದ ಮುಖ ತಿರುಗಿಸಿದಾಗಲೇ ಮಲಗಿಸಿರಿ. ಅಳು ಹತ್ತಿದ ಮೇಲೆ ಮಲಗಿಸುವುದು ಕಷ್ಟ.

ಚಿಕ್ಕಮಗಳೂರಿನ ಮಳೆಗಾಲದ ಥಂಡಿಗೆ ಹೆದರಿ ಹಸುಗೂಸಿಗೆ ದಪ್ಪ ಕಂಬಳಿ ಹೊದಿಸುವ ರೂಢಿಯನ್ನು ದಯವಿಟ್ಟು ಬಿಡಿ, ಏಕೆಂದರೆ ಅದು ಮುಖದ ಮೇಲೆ ಸರಿದರೆ ಉಸಿರು ಕಟ್ಟುವ ಅಪಾಯವಿದೆ. ಮೈಗೆ ಹೊಂದುವ ಬೆಚ್ಚನೆಯ ಉಡುಪು ಸಾಕು. ಬೆವರಿದೆಯೇ ಎಂದು ಕುತ್ತಿಗೆಯ ಹಿಂಭಾಗ ಮುಟ್ಟಿ ನೋಡಿ. ಅಂಗೈ ತಣ್ಣಗಿದ್ದ ಮಾತ್ರಕ್ಕೆ ಚಳಿಯೆಂದಲ್ಲ. ಎಣ್ಣೆಸ್ನಾನದ ನಂತರ ಸಾಂಬ್ರಾಣಿ ಹೊಗೆ ಹಾಕಿದ ಕೋಣೆಯಲ್ಲಿ ಮಲಗಿಸಬಾರದು.

ತೊಲೆಗೆ ಕಟ್ಟಿದ ಸೀರೆಯ ಜೋಲಿಯಲ್ಲಿ ಮಗು ಬೇಗ ನಿದ್ರಿಸುತ್ತದೆ ಎಂಬುದು ನಿಜವಾದರೂ, ಬಟ್ಟೆ ಬಾಗಿದಂತೆ ಗದ್ದ ಎದೆಗೆ ಒತ್ತಿ ಉಸಿರಿನ ದಾರಿ ಕಿರಿದಾಗಬಹುದಾದ್ದರಿಂದ, ನಿದ್ದೆ ಹತ್ತಿದ ಕೂಡಲೇ ಸಮತಟ್ಟಾದ ಗಟ್ಟಿ ಹಾಸಿಗೆಗೆ ಬದಲಿಸಿ, ಅಂಗಾತ ಮಲಗಿಸಬೇಕು. ಅಜ್ಜಿಯಂದಿರಿಗೂ ಇದನ್ನು ಪ್ರೀತಿಯಿಂದ ವಿವರಿಸಿ. ಹಗಲು ಮಗುವನ್ನು ನೋಡಿಕೊಳ್ಳುವವರು ಹೆಚ್ಚಾಗಿ ಅವರೇ.

ಒಂದೂವರೆ ವರ್ಷದ ಹೊತ್ತಿಗೆ ಬಹುತೇಕ ಮಕ್ಕಳಿಗೆ ಮಧ್ಯಾಹ್ನದ ಊಟದ ನಂತರದ ಒಂದೇ ನಿದ್ದೆ ಸಾಕಾಗುತ್ತದೆ. ಸಂಜೆಯವರೆಗೆ ಮಲಗಲು ಬಿಟ್ಟರೆ ರಾತ್ರಿಯ ನಿದ್ದೆ ತಡವಾಗುತ್ತದೆ. ಮೂರು ವರ್ಷ ದಾಟಿದ ಮಗು ಮಲಗಲು ಒಪ್ಪದಿದ್ದರೆ ಒತ್ತಾಯಿಸದೆ, ಚಿತ್ರಪುಸ್ತಕ ಕೊಟ್ಟು ಸ್ವಲ್ಪ ಹೊತ್ತು ಸುಮ್ಮನೆ ಒರಗಿಸಿ. ನಿದ್ದೆಯಲ್ಲಿ ನಿತ್ಯವೂ ಗೊರಕೆ ಹೊಡೆಯುವ ಮಗುವನ್ನು ಮಕ್ಕಳ ವೈದ್ಯರಿಗೆ ತೋರಿಸಿರಿ.