ಸಿಗರೇಟ್ ಪೊಟ್ಟಣದ ಹಳೆಯ ರೇಷ್ಮೆ: ಆರಿಸುವುದು, ಕೌದಿಗೆ ಕೂಡಿಸುವುದು

1910ರ ಆಸುಪಾಸಿನಿಂದ ಮೊದಲ ಮಹಾಯುದ್ಧದ ಕಾಲದವರೆಗೆ ಅಮೆರಿಕ, ಕೆನಡಾ, ಇಂಗ್ಲೆಂಡಿನ ತಂಬಾಕು ಕಂಪನಿಗಳು ಸಿಗರೇಟ್ ಜೊತೆ ಚಿತ್ರ ಅಚ್ಚಾದ ಪುಟ್ಟ ರೇಷ್ಮೆ ತುಂಡುಗಳನ್ನು ಉಚಿತವಾಗಿ ಕೊಡುತ್ತಿದ್ದವು. ಹೂವು, ಹಕ್ಕಿ, ಚಿಟ್ಟೆ, ಬಾವುಟ, ನಟಿಯರು, ರಾಣಿಯರು, ಬೇಸ್‌ಬಾಲ್ ಆಟಗಾರರು, ಹೀಗೆ ಸರಣಿ ಸರಣಿಯಾಗಿ ಬಂದವು. ಹೆಂಗಸರು ಅವನ್ನು ಕೂಡಿಹಾಕಿ ದಿಂಬಿನ ಹೊದಿಕೆ, ಕೌದಿ ಹೊಲಿದರು. ನೆಬೊ, ಜಿರಾ, ಓಲ್ಡ್ ಮಿಲ್ ಹೆಸರಿನವು ಅಮೆರಿಕದವು, ಬಿ.ಡಿ.ವಿ. ಅಂತಿದ್ದರೆ ಇಂಗ್ಲೆಂಡಿನ ಗಾಡ್‌ಫ್ರೆ ಫಿಲಿಪ್ಸ್ ಕಂಪನಿಯದು.

ಇವುಗಳ ಜೊತೆ ಇನ್ನೆರಡು ಬಗೆ ಕಣ್ಣಿಗೆ ಬೀಳುತ್ತವೆ. ಸಿಗಾರ್ ಕಟ್ಟುಗಳಿಗೆ ಸುತ್ತುತ್ತಿದ್ದ ಹಳದಿ ರಿಬ್ಬನ್ ಇನ್ನೂ ಹಳೆಯದು, 19ನೇ ಶತಮಾನದ ಕೊನೆಯದು. ಬಾವುಟದ ಚಿತ್ರವಿರುವ ಫ್ಲಾನೆಲ್ ತುಂಡುಗಳು ಹತ್ತಿಯವು, ಗಟ್ಟಿ. ಈ ಫ್ಲಾನೆಲ್ ತುಂಡುಗಳನ್ನೂ ರೇಷ್ಮೆಯನ್ನೂ ಕೌದಿಯ ಮೇಲ್ಪದರದಲ್ಲಿ ಅಕ್ಕಪಕ್ಕ ಸೇರಿಸಬೇಡಿ, ದಪ್ಪ ಬಟ್ಟೆ ತೆಳು ಬಟ್ಟೆಯನ್ನು ಎಳೆದು ಹರಿಯುತ್ತದೆ. ಸಂಗ್ರಾಹಕರ ಪಟ್ಟಿಗಳಲ್ಲಿ ರೇಷ್ಮೆಗೆ ‘ಎಸ್’, ಫ್ಲಾನೆಲ್ಲಿಗೆ ‘ಬಿ’ ಅಕ್ಷರ. ಇದು ಅಮೆರಿಕದ ಕಾರ್ಡ್ ಸಂಗ್ರಾಹಕ ಜೆಫರ್ಸನ್ ಬರ್ಡಿಕ್ ಹಾಕಿಕೊಟ್ಟ ಕ್ರಮ.

ಕೊಳ್ಳುವಾಗ ಚಿತ್ರಕ್ಕಿಂತ ಮೊದಲು ಬಟ್ಟೆಯ ಜೀವ ನೋಡಿ. ಕಚ್ಚಾ ರೇಷ್ಮೆಯ ಎಳೆಯಲ್ಲಿರುವ ಸಹಜ ಅಂಟು ತೆಗೆದಾಗ ಅದರ ತೂಕ ಸುಮಾರು ಕಾಲು ಭಾಗ ಇಳಿಯುತ್ತದೆ. ಅದನ್ನು ತುಂಬಿಕೊಳ್ಳಲು ಆಗ ತವರದ ಲವಣದಲ್ಲಿ ಅದ್ದುವ ರೂಢಿ ಇತ್ತು. ಹಾಗೆ ತೂಕ ಏರಿಸಿದ ರೇಷ್ಮೆ ಬೆಳಕು ತಾಗಿದಷ್ಟೂ ಪೆಡಸಾಗಿ, ನೇಯ್ಗೆಯ ಒಂದೇ ದಿಕ್ಕಿಗೆ ಉದ್ದುದ್ದ ಸೀಳು ಬಿಡುತ್ತದೆ. ತುಂಡನ್ನು ಅಂಗೈ ಮೇಲಿಟ್ಟು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಕೂದಲೆಳೆಯಷ್ಟು ಬಿಳಿ ಗೆರೆಗಳು ಕಂಡರೆ ಅದು ಪಿಸಿಯಲು ಶುರುವಾಗಿದೆ ಎಂದೇ ಅರ್ಥ. ಅಂಥದ್ದು ಆಲ್ಬಮ್ಮಿಗೆ ಸರಿ, ಸೂಜಿಗೆ ಅಲ್ಲ. ಮಡಚಿ ಪರೀಕ್ಷೆ ಮಾಡಲು ಹೋಗಬೇಡಿ, ಮಡಿಕೆಯಲ್ಲೇ ಮುರಿಯುತ್ತದೆ.

ನಕಲಿ ಗುರುತಿಸಲು ಅಂಚಿನಲ್ಲಿ ತಾನಾಗಿ ಬಿಚ್ಚಿಕೊಂಡ ಒಂದೆಳೆ ಸಾಕು. ಸುಟ್ಟಾಗ ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ರೇಷ್ಮೆ, ಕರಗಿ ಗಟ್ಟಿ ಗುಂಡಾದರೆ ಪಾಲಿಯೆಸ್ಟರ್. ಅತಿನೇರಳೆ ಟಾರ್ಚಿನಲ್ಲಿ ಬಟ್ಟೆ ನೀಲಿಯಾಗಿ ಹೊಳೆದರೆ ಅನುಮಾನಿಸಿ. ಆದರೆ ಈಗಿನ ಸೋಪಿನಪುಡಿಯಲ್ಲಿ ಒಗೆದ ಹಳೆಯದೂ ಹಾಗೆ ಹೊಳೆಯುತ್ತದೆ. ಹಿಂಬದಿಯ ಕಾಗದ ಉಳಿದಿದ್ದರೆ ಕೀಳಬೇಡಿ, ಹೊಲಿಯಲೂ ಬೇಡಿ. ಬ್ರ್ಯಾಂಡು, ಸರಣಿಯ ವಿವರ ಹಲವು ಸಲ ಅದರಲ್ಲಿರುತ್ತದೆ.

ತೊಳೆಯಬಾರದು. ಕೆಂಪು, ನೀಲಿ ಬಣ್ಣ ನೀರು ತಾಗಿದ ಕೂಡಲೆ ಹರಡಬಹುದು. ಮೇಲೊಂದು ನೈಲಾನ್ ಬಲೆ ಹಾಸಿ, ವ್ಯಾಕ್ಯೂಮ್ ಕ್ಲೀನರನ್ನು ಅತಿ ಕಡಿಮೆ ಸೆಳೆತದಲ್ಲಿ ಹಿಡಿದು ಧೂಳು ತೆಗೆದರೆ ಸಾಕು.

ಹೊಲಿಗೆಯಲ್ಲಿ ನೆನಪಿಡಬೇಕಾದದ್ದು ಒಂದೇ: ಭಾರವನ್ನೆಲ್ಲ ತಳಬಟ್ಟೆ ಹೊರಬೇಕು, ರೇಷ್ಮೆ ಅದರ ಮೇಲೆ ಸುಮ್ಮನೆ ಕೂತಿರಬೇಕು. 5 × 7.5 ಸೆಂ.ಮೀ. ತುಂಡಿಗೆ 9 × 11.5 ಸೆಂ.ಮೀ. ಹತ್ತಿ ಮಸ್ಲಿನ್ ಕತ್ತರಿಸಿ. ಮಸ್ಲಿನ್ನನ್ನು ಮೊದಲೇ ತೊಳೆದು ಒಣಗಿಸಿ ಇಸ್ತ್ರಿ ಮಾಡಿರಬೇಕು, ಇಲ್ಲದಿದ್ದರೆ ಮುಂದೆ ಕುಗ್ಗಿ ರೇಷ್ಮೆ ಸುಕ್ಕಾಗುತ್ತದೆ. ರೇಷ್ಮೆಯನ್ನು ನಡುವೆ ಇಟ್ಟು ಅಂಚಿನಲ್ಲಷ್ಟೇ ಕಚ್ಚಾ ಹೊಲಿಗೆ ಹಾಕಿ. ಸೂಜಿ 11 ಅಥವಾ 12ನೇ ನಂಬರಿನದು, ದಾರ ತೆಳು ರೇಷ್ಮೆಯದು. ದಪ್ಪ ಸೂಜಿಯ ತೂತು ಮುಚ್ಚಿಕೊಳ್ಳುವುದಿಲ್ಲ. ಇಸ್ತ್ರಿಗೆ ಅಂಟುವ ಅಸ್ತರು ಎಷ್ಟೇ ಸುಲಭ ಅನ್ನಿಸಿದರೂ ಬೇಡವೇ ಬೇಡ: ಶಾಖ ರೇಷ್ಮೆಯನ್ನು ಇನ್ನಷ್ಟು ಒಣಗಿಸುತ್ತದೆ, ಅಂಟನ್ನು ಆಮೇಲೆ ಬಿಡಿಸಲಾಗದು.

ಅಂಚನ್ನು ಒಳಕ್ಕೆ ಮಡಚದೆ, 6 ಮಿ.ಮೀ. ರಿಬ್ಬನ್ನನ್ನು ಅಂಚಿನ ಮೇಲೆ 2 ಮಿ.ಮೀ. ಬರುವಂತೆ ಹಾಸಿ. ಒಳಬದಿಯಲ್ಲಿ ಸಣ್ಣ ಹೊಲಿಗೆಯಿಂದ ಹಿಡಿಸಿ, ಹೊರಬದಿಯಲ್ಲಿ ಮಸ್ಲಿನ್ ಮೇಲೆ ಗರಿ ಹೊಲಿಗೆ (ಫೆದರ್ ಸ್ಟಿಚ್) ಹಾಕಿ. ಹಲವು ತುಂಡುಗಳ ಕೆಳ ಅಂಚಿನಲ್ಲಿ ಬ್ರ್ಯಾಂಡಿನ ಹೆಸರು, ಕಾರ್ಖಾನೆಯ ನಂಬರು ಚಿಕ್ಕ ಅಕ್ಷರದಲ್ಲಿರುತ್ತವೆ. ಅಲ್ಲಿ ರಿಬ್ಬನ್ನನ್ನು ಒಂದು ಮಿ.ಮೀ. ಹಿಂದೆ ಸರಿಸಿ. ಆ ಅಕ್ಷರ ಮುಚ್ಚಿಹೋದರೆ ತುಂಡಿನ ಗುರುತೇ ಹೋದಂತೆ.

ಚೌಕಗಳನ್ನು ಜೋಡಿಸುವಾಗ ಮಸ್ಲಿನ್ನಿನಲ್ಲಿ ಸುತ್ತಲೂ 5 ಮಿ.ಮೀ. ಹೊಲಿಗೆಗೆ ಹೋಗುತ್ತದೆ, ಉಳಿಯುವುದು 8 × 10.5 ಸೆಂ.ಮೀ. ಅಡ್ಡಕ್ಕೆ 6, ಉದ್ದಕ್ಕೆ 5 ಇಟ್ಟರೆ 30 ತುಂಡುಗಳಿಂದ 48 × 52.5 ಸೆಂ.ಮೀ. ಕೌದಿ ಆಗುತ್ತದೆ, ಮೊದಲ ಕೆಲಸಕ್ಕೆ ತಕ್ಕ ಅಳತೆ. ಒಳಗೆ ತೆಳ್ಳನೆಯ ಫ್ಲಾನೆಲ್ ಹಾಸಿ, ಹತ್ತಿಯ ದಪ್ಪ ಪದರ ಬೇಡ. ಮೇಲಿನ ಚೌಕಗಳು, ಫ್ಲಾನೆಲ್, ಅಡಿಯ ಅಸ್ತರು, ಈ ಮೂರೂ ಪದರಗಳನ್ನು ಚೌಕದ ಮೂಲೆಗಳು ಕೂಡುವಲ್ಲಿ ಮಾತ್ರ ದಾರದಿಂದ ಗಂಟು ಹಾಕಿ ಹಿಡಿಸಿ. ರೇಷ್ಮೆಯ ನಡುವೆ ಒಂದು ಹೊಲಿಗೆಯೂ ಹಾಯಬಾರದು. ಆಗಲೇ ಸೀಳು ಬಿಟ್ಟ ತುಂಡು ಸೇರಲೇಬೇಕಾದರೆ, ಅದರ ಮೇಲೆ ಪಾರದರ್ಶಕ ರೇಷ್ಮೆ ಜಾಲರಿ ಹೊದಿಸಿ, ಜಾಲರಿಯನ್ನು ಸುತ್ತಲಿನ ಮಸ್ಲಿನ್ನಿಗೆ ಹೊಲಿಯಿರಿ.

ಗೋಡೆಗೆ ನೇತುಹಾಕಬೇಡಿ. ಆಮ್ಲರಹಿತ ಕಾಗದ ಹಾಸಿದ ಪೆಟ್ಟಿಗೆಯಲ್ಲಿ ಚಪ್ಪಟೆಯಾಗಿ, ಕತ್ತಲಲ್ಲಿ ಇಡಿ. ಬಿಡಿ ತುಂಡುಗಳಿಗೆ ಪಾಲಿಪ್ರೊಪಿಲೀನ್ ಲಕೋಟೆ ಒಳ್ಳೆಯದು, ಪಿವಿಸಿ ಲಕೋಟೆ ಕಾಲಕ್ರಮೇಣ ಜಿಗುಟಾಗಿ ಬಟ್ಟೆಗೇ ಅಂಟಿಕೊಳ್ಳುತ್ತದೆ.